ಶಿಕ್ಷೆಗೆ ಕಾಯುತ್ತ ಕಳೆದುಹೋಗುವ ಹಕ್ಕು

2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಹತ್ತಿರದ ತಿರುವಿನಲ್ಲಿ ಎರಡು ಲೋಕಲ್ ರೈಲುಗಳು ಎದುರುಬದುರಾಗಿ ಹಾದುಹೋದವು. ಒಂದು ಕಸಾರಾ ಕಡೆಗೆ, ಇನ್ನೊಂದು ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣದ ಕಡೆಗೆ. ಎರಡರ ಬಾಗಿಲಲ್ಲೂ ಜನ ಜೋತುಬಿದ್ದಿದ್ದರು. ಹಲವರು ಹಳಿಯ ಮೇಲೆ ಬಿದ್ದರು. ನಾಲ್ವರು ಅಂದೇ ಸತ್ತರು. ಅವರಲ್ಲಿ ಒಬ್ಬರು ರೈಲ್ವೆ ಪೊಲೀಸ್ ಪೇದೆ. ನವೆಂಬರ್ ಮೊದಲ ವಾರದ ಹೊತ್ತಿಗೆ ಥಾಣೆಯ ರೈಲ್ವೆ ಪೊಲೀಸರು ಈ ಸಾವುಗಳಿಗಾಗಿ ರೈಲ್ವೆಯ ಇಬ್ಬರು ಎಂಜಿನಿಯರ್‌ಗಳ ಮೇಲೆ ಎಫ್‌ಐಆರ್ ದಾಖಲಿಸಿದರು. ಅದನ್ನು ವಿರೋಧಿಸಿ ನವೆಂಬರ್ 6ರ ಸಂಜೆ ರೈಲ್ವೆ ನೌಕರರು ಸಿಎಸ್‌ಎಂಟಿಯಲ್ಲಿ ರೈಲು ನಿಲ್ಲಿಸಿದರು. ಮನೆಗೆ ಹೊರಟಿದ್ದ ಲಕ್ಷಾಂತರ ಜನ ಪ್ಲಾಟ್‌ಫಾರ್ಮುಗಳಲ್ಲಿ ಸಿಕ್ಕಿಕೊಂಡರು.

ಆಮೇಲೆ ಡೊಂಬಿವಲಿ, ಕಲ್ಯಾಣದ ಕಡೆ ನಡೆದ ಚರ್ಚೆಯೆಲ್ಲ ಒಂದೇ ಪ್ರಶ್ನೆಯ ಸುತ್ತ ತಿರುಗಿತು: ಎಂಜಿನಿಯರ್‌ಗಳು ತಪ್ಪಿತಸ್ಥರೋ ಅಲ್ಲವೋ? ಕೇಳಬೇಕಾದ ಪ್ರಶ್ನೆಯೇ. ಆದರೆ ಅದಕ್ಕೆ ಉತ್ತರ ಸಿಗಲು ದೋಷಾರೋಪಪಟ್ಟಿ, ವಿಚಾರಣೆ, ಮೇಲ್ಮನವಿ ಎಂದು ಎಷ್ಟು ವರ್ಷ ಬೇಕಾದೀತೋ. ಸತ್ತವರ ಮನೆಯಲ್ಲಿ ಎದ್ದ ಪ್ರಶ್ನೆ ಬೇರೆ. ದುಡಿಯುವವನು ಹೋದ, ಈ ಸಂಸಾರದ ಭಾರ ಯಾರು ಹೊರಬೇಕು? ಇದಕ್ಕೆ ನಮ್ಮ ಕಾನೂನು ಬಹಳ ಹಿಂದೆಯೇ ಉತ್ತರ ಕೊಟ್ಟಿದೆ, ಅದೂ ಯಾರನ್ನೂ ತಪ್ಪಿತಸ್ಥರೆಂದು ಸಾಬೀತುಪಡಿಸದೆ. 1989ರ ರೈಲ್ವೆ ಕಾಯ್ದೆಯ 124-ಎ ಕಲಮಿನ ಪ್ರಕಾರ, ಪ್ರಯಾಣಿಕ ಅಕಸ್ಮಾತ್ತಾಗಿ ರೈಲಿನಿಂದ ಬಿದ್ದು ಸತ್ತರೆ, ರೈಲ್ವೆಯ ಕಡೆ ತಪ್ಪೋ ಅಲಕ್ಷ್ಯವೋ ಇದ್ದರೂ ಇಲ್ಲದಿದ್ದರೂ ಪರಿಹಾರ ಕೊಡಲೇಬೇಕು. 2017ರ ಜನವರಿ 1ರಿಂದ ಸಾವಿಗೆ ಆ ಮೊತ್ತ 8 ಲಕ್ಷ ರೂಪಾಯಿ. ಅದಕ್ಕೂ ಮುಂಚೆ 4 ಲಕ್ಷವಿತ್ತು. ಆತ್ಮಹತ್ಯೆ, ತಾನೇ ಮಾಡಿಕೊಂಡ ಗಾಯ, ಸ್ವಂತ ಅಪರಾಧ ಕೃತ್ಯ, ಅಮಲು, ಸಹಜ ಕಾಯಿಲೆ — ಇಂಥ ಕೆಲವೇ ಕಾರಣಗಳಿಗೆ ರೈಲ್ವೆ ಇಲ್ಲವೆನ್ನಬಹುದು.

ಒಂದೇ ಸಾವಿನಿಂದ ಎರಡು ಬೇರೆ ದಾರಿಗಳು ಹೊರಡುತ್ತವೆ ಎಂಬುದನ್ನು ನಾವು ಸರಿಯಾಗಿ ಅರಿತುಕೊಂಡಿಲ್ಲ. ಒಂದು ಅಪರಾಧದ ದಾರಿ, ಇನ್ನೊಂದು ಹೊಣೆಯ ದಾರಿ. ಮೊದಲನೆಯದರಲ್ಲಿ ಸರ್ಕಾರ ಫಿರ್ಯಾದಿ, ಆರೋಪಿ ಎದುರುಪಕ್ಷ; ನೊಂದವರು ಅಲ್ಲಿ ಹೆಚ್ಚೆಂದರೆ ಸಾಕ್ಷಿಗಳು. ಎರಡನೆಯದರಲ್ಲಿ ನೊಂದವರೇ ಅರ್ಜಿದಾರರು. ಮೊದಲ ದಾರಿ ಹಿಡಿದವರನ್ನು ಟಿವಿ, ಪತ್ರಿಕೆ, ರಾಜಕಾರಣಿಗಳು ಹಿಂಬಾಲಿಸುತ್ತಾರೆ. ಎರಡನೆಯದರಲ್ಲಿ ನಡೆಯುವವರು ಒಂಟಿ. ಈ ಎರಡನ್ನು ಕಲಸಿಬಿಟ್ಟರೆ ಎರಡೂ ಕೆಡುತ್ತವೆ, ಮತ್ತು ನಮ್ಮ ಕಡೆ ಅವನ್ನು ದಿನನಿತ್ಯ ಕಲಸಲಾಗುತ್ತಿದೆ. ಈ ಲೇಖನದ ವಾದ ಇಷ್ಟೇ.

ರೈಲಿನ ಮಾತು ಇನ್ನೂ ಮುಗಿದಿಲ್ಲ. ಬಾಗಿಲಲ್ಲಿ ನಿಂತಿದ್ದು ಸತ್ತವನದೇ ತಪ್ಪು ಎನ್ನುವವರು ಇದ್ದಾರೆ. ಡೊಂಬಿವಲಿಯಲ್ಲಿ ಬೆಳಗಿನ ಫಾಸ್ಟ್ ಲೋಕಲ್ ಹತ್ತಿದವರು ಯಾರೂ ಹಾಗೆ ಹೇಳಲಾರರು. ಒಳಗೆ ಕಾಲೂರಲು ಜಾಗವಿಲ್ಲದೆ ಬಾಗಿಲಿಗೆ ತಳ್ಳಲ್ಪಡುವ ಮನುಷ್ಯ ಅದನ್ನು ತಾನಾಗಿ ಆರಿಸಿಕೊಂಡವನಲ್ಲ. ಸುಪ್ರೀಂ ಕೋರ್ಟು 2010ರ ಜಮೀಲಾ ಪ್ರಕರಣದಲ್ಲಿ ತೆರೆದ ಬಾಗಿಲ ಬಳಿ ನಿಂತು ಬಿದ್ದವನ ವಿಷಯವನ್ನೇ ಎತ್ತಿಕೊಂಡು, ಅದು ಅವನ ಅಲಕ್ಷ್ಯವಾಗಿದ್ದರೂ ಅಪರಾಧ ಕೃತ್ಯವಲ್ಲ, ಆದ್ದರಿಂದ ಪರಿಹಾರ ತಪ್ಪಿಸುವಂತಿಲ್ಲ ಎಂದಿತು. 2018ರ ರೀನಾ ದೇವಿ ಪ್ರಕರಣದಲ್ಲಿ, ಶವದ ಬಳಿ ಟಿಕೆಟ್ ಸಿಗಲಿಲ್ಲ ಎಂಬುದೊಂದೇ ಕಾರಣಕ್ಕೆ ಅರ್ಜಿ ತಳ್ಳಬಾರದು, ಮನೆಯವರು ಪ್ರಮಾಣಪತ್ರ ಕೊಟ್ಟ ಮೇಲೆ ಅಲ್ಲವೆಂದು ತೋರಿಸುವ ಭಾರ ರೈಲ್ವೆಯ ಮೇಲೆ ಬೀಳುತ್ತದೆ ಎಂದಿತು. ಹಳಿ ದಾಟುವಾಗ ಸತ್ತವರಿಗೆ ಈ ಕಲಮು ಅನ್ವಯಿಸುವುದಿಲ್ಲ. ಹಾಗಾಗಿ ಬಿದ್ದು ಸತ್ತದ್ದೋ, ದಾಟುವಾಗ ಸತ್ತದ್ದೋ ಎಂದು ಪೊಲೀಸರು ಮೊದಲ ಗಂಟೆಗಳಲ್ಲಿ ಪಂಚನಾಮೆಯಲ್ಲಿ ಬರೆಯುವ ಒಂದು ಸಾಲು ಆ ಕುಟುಂಬದ 8 ಲಕ್ಷವನ್ನು ನಿರ್ಧರಿಸಿಬಿಡಬಹುದು. ಯಾರನ್ನು ಬಂಧಿಸಿದರು ಎಂಬುದರ ಮೇಲೆ ಕಣ್ಣಿಟ್ಟವರು ಪಂಚನಾಮೆಯ ಪ್ರತಿ ಕೇಳುವುದೇ ಇಲ್ಲ.

ಈ ಎರಡು ದಾರಿಗಳ ಅಂತರ ರಸ್ತೆಯ ಮೇಲೆ ಇನ್ನೂ ಸ್ಪಷ್ಟ. ಕಲ್ಯಾಣ್–ಶಿಳ್ ರಸ್ತೆಯಲ್ಲೋ, ಸಾಯನ್–ಪನ್ವೇಲ್ ಹೆದ್ದಾರಿಯಲ್ಲೋ ಟ್ಯಾಂಕರ್ ಗುದ್ದಿ ಸ್ಕೂಟರ್ ಸವಾರನೊಬ್ಬ ಸತ್ತನೆನ್ನಿ. ಚಾಲಕನ ಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಅಲಕ್ಷ್ಯದಿಂದ ಸಾವಿಗೆ ಕಾರಣನಾದ ಮೊಕದ್ದಮೆ ನಡೆಯುತ್ತದೆ. ಹಳೆಯ ದಂಡಸಂಹಿತೆಯ 304-ಎ ಪ್ರಕಾರ ಗರಿಷ್ಠ ಶಿಕ್ಷೆ ಎರಡು ವರ್ಷ, ಅಥವಾ ಬರೀ ದಂಡ ಇತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ಅದು ಐದು ವರ್ಷಕ್ಕೆ ಏರಿದೆ. ಅದೇ ಸಾವಿಗಾಗಿ ಮನೆಯವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಅರ್ಜಿ ಹಾಕಬಹುದು.

ಸತ್ತವನಿಗೆ 32 ವರ್ಷ, ಹೋಟೆಲಿನಲ್ಲಿ ತಿಂಗಳಿಗೆ 20,000 ಸಂಪಾದನೆ, ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು, ತಾಯಿ ಎಂದಿಟ್ಟುಕೊಂಡು ಲೆಕ್ಕ ಹಾಕೋಣ. ಸುಪ್ರೀಂ ಕೋರ್ಟಿನ ಸರಳಾ ವರ್ಮಾ (2009) ಮತ್ತು ಪ್ರಣಯ್ ಸೇಠಿ (2017) ತೀರ್ಪುಗಳು ಹಾಕಿಕೊಟ್ಟ ಕ್ರಮ ಇದು: ವರ್ಷದ ಆದಾಯ 2.40 ಲಕ್ಷ. ಕಾಯಂ ನೌಕರಿಯಲ್ಲದಿದ್ದರೂ ಮುಂದೆ ಸಂಪಾದನೆ ಹೆಚ್ಚುತ್ತಿತ್ತೆಂದು ಶೇ. 40 ಕೂಡಿಸಿದರೆ 3.36 ಲಕ್ಷ. ಅವನ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆದರೆ 2.52 ಲಕ್ಷ. ಆ ವಯಸ್ಸಿಗೆ ಗುಣಕ 16. ಒಟ್ಟು 40 ಲಕ್ಷ 32 ಸಾವಿರ. ಅಂತ್ಯಕ್ರಿಯೆ, ಸಾಂಗತ್ಯದ ನಷ್ಟ ಮುಂತಾದವು ಬೇರೆ. ಕ್ರಿಮಿನಲ್ ಕೋರ್ಟು ಚಾಲಕನಿಗೆ ದಂಡ ಹಾಕಿದರೆ, ಪ್ರತ್ಯೇಕ ಆದೇಶವಿಲ್ಲದಿದ್ದರೆ ಅದು ಹೋಗುವುದು ಸರ್ಕಾರದ ಬೊಕ್ಕಸಕ್ಕೆ. ವಿಧವೆಗೆ ಅದರಲ್ಲಿ ಚಿಕ್ಕಾಸೂ ಇಲ್ಲ.

ಚಾಲಕ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಖುಲಾಸೆಯಾದರೆ? ‘ಕೇಸು ಬಿದ್ದುಹೋಯಿತು’ ಎಂದುಕೊಂಡು ಎದ್ದುಬರುವವರನ್ನು ನಾನು ಬಲ್ಲೆ. ಬಿದ್ದದ್ದು ಒಂದು ಕೇಸು ಮಾತ್ರ. ಹೈಟೆನ್ಷನ್ ತಂತಿಗೆ ಬಸ್ಸು ತಾಗಿ ಜೀವಹಾನಿಯಾದ ತಮಿಳುನಾಡಿನ ಎನ್.ಕೆ.ವಿ. ಬ್ರದರ್ಸ್ ಪ್ರಕರಣದಲ್ಲಿ ಚಾಲಕ ಖುಲಾಸೆಯಾಗಿದ್ದ. ಆದರೂ ಮಾಲೀಕರು ಪರಿಹಾರ ತೆರಬೇಕೆಂದು 1980ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಸ್ಪಷ್ಟವಾಗಿ ಹೇಳಿದರು. ಶಿಕ್ಷೆಗೆ ಬೇಕಾದ ಅಲಕ್ಷ್ಯದ ಮಟ್ಟ ಒಂದು, ಪರಿಹಾರಕ್ಕೆ ಸಾಕಾಗುವ ಅಲಕ್ಷ್ಯದ ಮಟ್ಟ ಇನ್ನೊಂದು. ಕ್ರಿಮಿನಲ್ ಕೋರ್ಟಿನಲ್ಲಿ ಸಮಂಜಸ ಸಂದೇಹಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಪರಿಹಾರದ ಕೋರ್ಟಿನಲ್ಲಿ ಎರಡು ಕಡೆಯ ಮಾತಿನಲ್ಲಿ ಯಾವುದು ಹೆಚ್ಚು ಸಂಭವನೀಯ ಎಂದು ನೋಡಿದರೆ ಸಾಕು.

ಕರ್ನಾಟಕದ್ದೇ ಒಂದು ಪ್ರಕರಣ ಇದನ್ನು ಇನ್ನೊಂದು ಬದಿಯಿಂದ ತೋರಿಸುತ್ತದೆ. ಬಸ್ಸಿಗೆ ಸಿಕ್ಕಿ ಚಿಕ್ಕ ಮಗುವೊಂದು ಸತ್ತ ಸೈಯದ್ ಅಕ್ಬರ್ ಪ್ರಕರಣದಲ್ಲಿ 1979ರಲ್ಲಿ ಸುಪ್ರೀಂ ಕೋರ್ಟು ಚಾಲಕನನ್ನು ಬಿಟ್ಟಿತು. ಅಪಘಾತ ನಡೆದ ರೀತಿಯೇ ಚಾಲಕನ ತಪ್ಪನ್ನು ಸಾರುತ್ತದೆ, ತಾನು ನಿರಪರಾಧಿ ಎಂದು ಅವನೇ ತೋರಿಸಲಿ ಎಂಬ ವಾದ ಪರಿಹಾರದ ಮೊಕದ್ದಮೆಯಲ್ಲಿ ನಡೆದೀತು. ಮನುಷ್ಯನನ್ನು ಜೈಲಿಗೆ ಕಳಿಸುವಾಗ ನಡೆಯದು ಎಂಬುದು ಅದರ ತಿರುಳು. ಓದಿದಾಗ ಮನಸ್ಸು ಕುದಿಯುತ್ತದೆ: ಮಗು ಸತ್ತಿದೆ, ಯಾರಿಗೂ ಶಿಕ್ಷೆಯಿಲ್ಲವೆ? ಆದರೂ ಆ ತೀರ್ಪು ಸರಿಯೆಂದೇ ನನ್ನ ನಂಬಿಕೆ. ಕೊಟ್ಟ ಹಣ ತಪ್ಪಾಗಿದ್ದರೆ ಮೇಲಿನ ಕೋರ್ಟು ವಾಪಸು ಕೊಡಿಸಬಹುದು, ಕಳೆದ ಜೈಲಿನ ವರ್ಷಗಳನ್ನು ಯಾರೂ ವಾಪಸು ಕೊಡಿಸಲಾರರು. ಹೊಣೆಯನ್ನು ಸುಲಭದ ಪುರಾವೆಯ ಮೇಲೆ ಹೊರಿಸಬಹುದು, ಕಳಂಕವನ್ನು ಹಾಗೆ ಹೊರಿಸಲಾಗದು. ಈ ಅಂತರವನ್ನು ಅಳಿಸಿದರೆ ಮೊದಲು ಸಾಯುವವನು ಬಡ ಚಾಲಕ.

ಬಡ ಚಾಲಕ ಎಂದು ಸುಮ್ಮನೆ ಹೇಳಲಿಲ್ಲ. ಅಪರಾಧ ಎಂಬುದು ಅದನ್ನು ಮಾಡಿದವನ ಮೇಲೇ ನಿಲ್ಲುತ್ತದೆ. ಹೊಣೆ ಮೇಲಕ್ಕೆ ಏರುತ್ತದೆ. ಚಾಲಕನ ಅಲಕ್ಷ್ಯಕ್ಕೆ ಲಾರಿಯ ಮಾಲೀಕ ಜೈಲಿಗೆ ಹೋಗುವುದಿಲ್ಲ, ಆದರೆ ಪರಿಹಾರ ತೆರಬೇಕಾದವನು ಅವನೇ, ಅವನ ಪರವಾಗಿ ವಿಮಾ ಕಂಪನಿ. ಗುದ್ದಿ ಓಡಿದರೆ ಹತ್ತು ವರ್ಷ ಎಂಬ ಹೊಸ ಕಲಮಿನ ವಿರುದ್ಧ 2024ರ ಜನವರಿ ಮೊದಲ ದಿನಗಳಲ್ಲಿ ದೇಶದ ಟ್ರಕ್ ಚಾಲಕರು ಮುಷ್ಕರ ಹೂಡಿದರು. ನವಿ ಮುಂಬಯಿಯಲ್ಲಿ ಪೊಲೀಸರೊಡನೆ ಘರ್ಷಣೆಯೂ ನಡೆಯಿತು. ಸರ್ಕಾರ ಆ ಉಪಕಲಮನ್ನು ತಡೆಹಿಡಿಯಿತು. ನಿದ್ದೆಗೆಟ್ಟು ಎರಡು ಪಾಳಿ ಓಡಿಸುವಂತೆ ಮಾಡಿದ ಮಾಲೀಕನನ್ನು ಬಿಟ್ಟು ಶಿಕ್ಷೆಯ ಭಾರವನ್ನೆಲ್ಲ ಸ್ಟಿಯರಿಂಗ್ ಹಿಡಿದವನ ಮೇಲೆ ಹಾಕುವುದರಲ್ಲಿ ಅನ್ಯಾಯವಿದೆ ಎಂಬ ಅವರ ಅಳಲಿನಲ್ಲಿ ಸತ್ಯವಿತ್ತು. ಮುಂಬ್ರಾದ ವಿಷಯದಲ್ಲೂ ಹಾಗೆಯೇ: ಕ್ರಿಮಿನಲ್ ಕೇಸು ಇಬ್ಬರು ಎಂಜಿನಿಯರ್‌ಗಳ ಬಳಿ ನಿಲ್ಲಬಹುದು. ಕಲ್ಯಾಣದಿಂದ ಥಾಣೆಯವರೆಗೆ ದಿನವೂ ಜನರನ್ನು ತುಂಬಿ ಒಯ್ಯುವ ವ್ಯವಸ್ಥೆಯ ಬಾಗಿಲು ತಟ್ಟುವುದು ಹೊಣೆಯ ದಾವೆಯೇ.

ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶ ಇದನ್ನೇ ಬೆಂಕಿಯಲ್ಲಿ ಕಂಡಿದೆ. 2016ರ ಮೇ 26ರಂದು ಪ್ರೊಬೇಸ್ ಎಂಟರ್‌ಪ್ರೈಸಸ್ ಕಾರ್ಖಾನೆಯಲ್ಲಿ ಸ್ಫೋಟವಾಗಿ 12 ಜನ ಸತ್ತರು. ದೂರದ ಮನೆಗಳ ಕಿಟಕಿಗಾಜು ಕೂಡ ಉದುರಿತು. ಸತ್ತವರಲ್ಲಿ ಮಾಲೀಕರ ಕುಟುಂಬದವರೂ ಇದ್ದರು. ಸತ್ತವರ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಆದರೆ ಕಂಪನಿಯ, ಆಸ್ತಿಯ ಮೇಲಿನ ಹೊಣೆ ಅವರೊಂದಿಗೆ ಸಾಯುವುದಿಲ್ಲ. ನಮ್ಮ ಮಂಗಳೂರಿನ ವಿಮಾನ ದುರಂತದಲ್ಲೂ ಹೀಗೆಯೇ ಆಯಿತು. 2010ರ ಮೇ 22ರಂದು ಬಜ್ಪೆಯಲ್ಲಿ 158 ಜನ ಸತ್ತರು. ತನಿಖೆ ಬೆರಳು ತೋರಿಸಿದ ಪೈಲಟ್ ಕೂಡ ಅವರಲ್ಲೊಬ್ಬ. ಶಿಕ್ಷಿಸಲು ಯಾರೂ ಉಳಿದಿರಲಿಲ್ಲ. ಹಾಗೆಂದು ವಿಮಾನ ಕಂಪನಿಯ ಹೊಣೆ ಮುಗಿಯಲಿಲ್ಲ. ಒಂದು ಕುಟುಂಬಕ್ಕೆ 7.64 ಕೋಟಿ ಕೊಡಬೇಕೆಂದು 2020ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತು. ಹತ್ತು ವರ್ಷ ಬಡಿದಾಡಿದ ಮೇಲೆ, ಅಷ್ಟು ಬಡಿದಾಡುವ ಶಕ್ತಿಯಿದ್ದವರಿಗೆ.

2024ರ ಮೇ 23ರಂದು ಅದೇ ಡೊಂಬಿವಲಿ ಎಂಐಡಿಸಿಯಲ್ಲಿ ಅಮುದಾನ್ ಕೆಮಿಕಲ್ಸ್ ಕಾರ್ಖಾನೆ ಸ್ಫೋಟಿಸಿತು. ಹತ್ತಕ್ಕೂ ಹೆಚ್ಚು ಜನ ಸತ್ತರು. ಕೆಲವರ ಗುರುತು ಹಿಡಿಯಲು ಡಿಎನ್‌ಎ ಪರೀಕ್ಷೆ ಬೇಕಾಯಿತು. ಮಾಲೀಕರ ಬಂಧನ ಕೂಡಲೇ ಸುದ್ದಿಯಾಯಿತು. ಕೊಲೆಯಲ್ಲದ ನರಹತ್ಯೆಯ ಆರೋಪ ಸಾಬೀತಾಗಬೇಕಾದರೆ, ಸಾವು ಸಂಭವಿಸಬಹುದೆಂಬ ಅರಿವು ಅವರಿಗಿತ್ತೆಂದು ತೋರಿಸಬೇಕು. ಹೊಣೆಯ ಕಾನೂನಿಗೆ ಆ ಗೊಡವೆಯೇ ಇಲ್ಲ. ದೆಹಲಿಯ ಶ್ರೀರಾಮ್ ಕಾರ್ಖಾನೆಯ ಅನಿಲ ಸೋರಿಕೆಯ ಪ್ರಕರಣದಲ್ಲಿ 1986ರ ಡಿಸೆಂಬರಿನಲ್ಲಿ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ ನಿಯಮ ಹಾಕಿಕೊಟ್ಟಿತು: ಅಪಾಯಕಾರಿ ವಸ್ತುಗಳಿಂದ ಲಾಭ ಮಾಡುವವನು ಎಷ್ಟೇ ಎಚ್ಚರ ವಹಿಸಿದ್ದರೂ ಹಾನಿಗೆ ಪೂರ್ಣ ಹೊಣೆಗಾರ, ಯಾವ ವಿನಾಯಿತಿಯೂ ಇಲ್ಲ. 2010ರ ಹಸಿರು ನ್ಯಾಯಮಂಡಳಿ ಕಾಯ್ದೆ ಈ ತತ್ವವನ್ನೇ ಒಳಗೊಂಡಿದೆ. ಇಂಥ ದಿಟ್ಟ ನಿಯಮ ಕೈಯಲ್ಲಿದ್ದೂ ನಾವು ಬಂಧನದ ಚಿತ್ರ ನೋಡಿ ನ್ಯಾಯ ಸಿಕ್ಕಿತೆಂದುಕೊಳ್ಳುತ್ತೇವೆ. ಶಾಸಕಾಂಗದ ಮನಸ್ಸೂ ಹಾಗೆಯೇ ಇತ್ತು. ಭೋಪಾಲದ ಅನಿಲ ದುರಂತದ ಬಳಿಕ 1991ರಲ್ಲಿ ಬಂದ ಸಾರ್ವಜನಿಕ ಹೊಣೆ ವಿಮಾ ಕಾಯ್ದೆಯ ಅನುಸೂಚಿಯಲ್ಲಿ ಒಂದು ಸಾವಿಗೆ ಬರೆದ ತಕ್ಷಣದ ಪರಿಹಾರ 25,000 ರೂಪಾಯಿ. ತಪ್ಪು ಕೇಳದೆ ಕೊಡಬೇಕೆಂಬ ತತ್ವ ಶ್ರೇಷ್ಠವಾಗಿತ್ತು, ಕೊಟ್ಟ ಮೊತ್ತ ಅವಮಾನಕರವಾಗಿತ್ತು.

‘ಹೋದ ಜೀವಕ್ಕೆ ಬೆಲೆ ಕಟ್ಟುವುದೆ?’ ಎಂದು ಕೆಲವು ಮನೆಗಳಲ್ಲಿ ಹಿರಿಯರು ತಡೆಯುತ್ತಾರೆ. ಪರಿಹಾರದ ಅರ್ಜಿಯನ್ನು ಹೆಣದ ಮೇಲಿನ ವ್ಯಾಪಾರವೆಂದು ಕಾಣುವ ಈ ಸಂಕೋಚಕ್ಕೆ ನಾನು ತಲೆಬಾಗುತ್ತೇನೆ, ಆದರೆ ಒಪ್ಪುವುದಿಲ್ಲ. ನ್ಯಾಯಮಂಡಳಿ ಜೀವಕ್ಕೆ ಬೆಲೆ ಕಟ್ಟುವುದಿಲ್ಲ. ಆ ಜೀವ ಯಾರನ್ನೆಲ್ಲ ಸಾಕುತ್ತಿತ್ತೋ ಅವರ ಊಟ, ಬಾಡಿಗೆ, ಶಾಲೆಯ ಫೀಸಿನ ಲೆಕ್ಕ ಮಾಡುತ್ತದೆ. ಅದನ್ನು ಕೇಳುವುದು ಭಿಕ್ಷೆಯೂ ಅಲ್ಲ, ಹೊರಗಿನವರ ದಯೆಯೂ ಅಲ್ಲ. ಮಂತ್ರಿಗಳು ಸ್ಥಳಕ್ಕೆ ಬಂದು ಘೋಷಿಸುವ ಸಹಾಯಧನ ದಯೆ. ಕಲಮಿನಡಿ ಬರುವ ಹಣ ಹಕ್ಕು.

ಈ ಗೊಂದಲಕ್ಕೆ ಇನ್ನೊಂದು ಮುಖವೂ ಇದೆ, ನನ್ನ ಮಟ್ಟಿಗೆ ಅಷ್ಟೇ ಕಳವಳದ್ದು. ಬರೀ ಹಣದ ವ್ಯಾಜ್ಯಕ್ಕೆ ಅಪರಾಧದ ಬಟ್ಟೆ ತೊಡಿಸಿ ಪೊಲೀಸ್ ಠಾಣೆಯನ್ನು ವಸೂಲಿ ಕಚೇರಿ ಮಾಡುವುದು. ಪಾಲುದಾರಿಕೆ ಮುರಿದರೆ ವಂಚನೆ, ಸಾಲ ತೀರದಿದ್ದರೆ ವಂಚನೆ. ಕೊಟ್ಟ ಮಾತು ತಪ್ಪಿದ್ದಷ್ಟೇ ವಂಚನೆಯಲ್ಲ, ಮಾತು ಕೊಡುವಾಗಲೇ ಮೋಸದ ಉದ್ದೇಶ ಇರಬೇಕು ಎಂದು ಸುಪ್ರೀಂ ಕೋರ್ಟು 2000ದಿಂದಲೂ ಹೇಳುತ್ತ ಬಂದಿದೆ. ಉತ್ತರ ಪ್ರದೇಶದಲ್ಲಿ ಸಿವಿಲ್ ವ್ಯಾಜ್ಯಗಳನ್ನು ಕ್ರಿಮಿನಲ್ ಕೇಸುಗಳನ್ನಾಗಿ ಮಾಡುತ್ತಿರುವ ಬಗ್ಗೆ 2025ರ ಏಪ್ರಿಲಿನಲ್ಲಿ ಮುಖ್ಯ ನ್ಯಾಯಮೂರ್ತಿ ಸಂಜೀವ್ ಖನ್ನಾ ಅವರ ಪೀಠ ಸಿಡಿದೆದ್ದಿತು. ಆದರೆ ಜನ ಠಾಣೆಗೆ ಹೋಗುವುದೇಕೆಂದರೆ ಸಿವಿಲ್ ಕೋರ್ಟಿನ ದಾವೆ ಮಕ್ಕಳ ಕಾಲಕ್ಕೂ ಮುಗಿಯದೆಂಬ ಭಯದಿಂದ. ಆ ಭಯ ಸುಳ್ಳಲ್ಲ. ಜನರನ್ನು ಬೈಯುವ ಮೊದಲು ಆ ವಿಳಂಬವನ್ನು ನೀಗಿಸಬೇಕು.

ಕಲ್ಯಾಣ–ಡೊಂಬಿವಲಿಯ 65 ಕಟ್ಟಡಗಳ ಕಥೆ ಇಲ್ಲೇ ಬರುತ್ತದೆ. ಪಾಲಿಕೆಯ ನಕಲಿ ಪರವಾನಗಿ ಪತ್ರಗಳನ್ನು ತೋರಿಸಿ ಮಹಾರೇರಾ (ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಪಡೆದ ಕಟ್ಟಡಗಳಿವು. ವಾಸ್ತುಶಿಲ್ಪಿಯೊಬ್ಬರ ಅರ್ಜಿಯ ಮೇಲೆ ಬಾಂಬೆ ಹೈಕೋರ್ಟು 2024ರ ನವೆಂಬರಿನಲ್ಲಿ ಅವುಗಳನ್ನು ಕೆಡವಲು ಆದೇಶಿಸಿತು. ಇಲ್ಲಿ ನಕಲಿ ದಾಖಲೆಯೇ ಇದ್ದುದರಿಂದ ಕ್ರಿಮಿನಲ್ ಕೇಸು ಬೇಕೇ ಬೇಕು, ಎಫ್‌ಐಆರ್‌ಗಳು ಆಗಿವೆ, ವಿಶೇಷ ತನಿಖಾ ತಂಡವೂ ಬಂತು. ಆದರೆ ಕೆಡವುವ ಆದೇಶ ಕಟ್ಟಡದ ಬಗ್ಗೆ ಹೇಳುತ್ತದೆ, ಎಫ್‌ಐಆರ್ ಕಟ್ಟಿದವನ ಬಗ್ಗೆ ಹೇಳುತ್ತದೆ. ಮನೆ ಕೊಂಡು ಬ್ಯಾಂಕಿನ ಕಂತು ಕಟ್ಟುತ್ತಲೇ ಇರುವವನ ಬಗ್ಗೆ ಎರಡೂ ಮೌನ. ಸುಳ್ಳು ಮಾಹಿತಿ ನಂಬಿ ಹಣ ಹಾಕಿದವನಿಗೆ ಬಡ್ಡಿಸಮೇತ ಹಣ ವಾಪಸು ಮತ್ತು ಪರಿಹಾರವೆಂದು ರೇರಾ ಕಾಯ್ದೆಯ 12ನೇ ಕಲಮು ಹೇಳುತ್ತದೆ. ಬಾಕಿಯನ್ನು ಭೂಕಂದಾಯದಂತೆ ವಸೂಲು ಮಾಡಲು 40ನೇ ಕಲಮೂ ಇದೆ. ವಸೂಲಿ ವಾರಂಟು ಕಲೆಕ್ಟರ್ ಕಚೇರಿಯಲ್ಲಿ ಕೂತುಬಿಟ್ಟರೆ ಕಲಮು ಇದ್ದೇನು? ತಪ್ಪಿತಸ್ಥನ ಬೇಟೆಗೆ ತಂಡ ಕಟ್ಟುವ ಸರ್ಕಾರ, ಅವನ ಆಸ್ತಿ ಹುಡುಕಿ ಕೊಂಡವರಿಗೆ ಹಂಚಲು ಯಾಕೆ ತಂಡ ಕಟ್ಟಬಾರದು?

ಎರಡು ಕೋರ್ಟುಗಳು ಒಂದೇ ಘಟನೆಗೆ ಬೇರೆ ಉತ್ತರ ಕೊಡುವುದು ನ್ಯಾಯದ ಇಬ್ಬಂದಿತನವಲ್ಲವೆ ಎಂದು ಕೇಳುವವರಿಗೆ ಅಮೆರಿಕದ ಒ.ಜೆ. ಸಿಂಪ್ಸನ್ ಹೆಸರು ನೆನಪಿರಬಹುದು. ಜೋಡಿ ಕೊಲೆಯ ಆರೋಪದಿಂದ 1995ರಲ್ಲಿ ಖುಲಾಸೆ, ಅದೇ ಸಾವುಗಳಿಗಾಗಿ 1997ರಲ್ಲಿ ಮೂರು ಕೋಟಿ ಡಾಲರಿಗೂ ಮಿಕ್ಕಿದ ಪರಿಹಾರ. ನಮ್ಮಲ್ಲೂ ಇದು ಹೊಸದಲ್ಲ. ಒಂದು ಕೋರ್ಟಿನ ನಿರ್ಣಯ ಇನ್ನೊಂದನ್ನು ಕಟ್ಟಿಹಾಕುವುದಿಲ್ಲ ಎಂಬುದನ್ನು 2005ರಲ್ಲಿ ಸಂವಿಧಾನ ಪೀಠವೇ ಹೇಳಿದೆ. ಇಕ್ಕಟ್ಟು ಇರುವುದು ಉತ್ತರಗಳಲ್ಲಲ್ಲ, ಒಂದಕ್ಕೆ ಮಾತ್ರ ಕಿವಿಗೊಡುವ ನಮ್ಮಲ್ಲಿ.

ಹೊಣೆಯ ದಾರಿಗೆ ಗಡುವುಗಳೂ ಇವೆ, ಅವು ಯಾರ ದುಃಖಕ್ಕೂ ಕಾಯುವುದಿಲ್ಲ. ರೈಲ್ವೆ ಕ್ಲೇಮು ನ್ಯಾಯಮಂಡಳಿಗೆ ಒಂದು ವರ್ಷದೊಳಗೆ ಅರ್ಜಿ ಹೋಗಬೇಕು. ರಸ್ತೆ ಅಪಘಾತಕ್ಕೆ 2022ರ ಏಪ್ರಿಲ್ 1ರಿಂದ ಆರು ತಿಂಗಳ ಮಿತಿ ಹಾಕಲಾಗಿದೆ. ಅದರ ಸಿಂಧುತ್ವ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೊಳಗಾಗಿದ್ದರೂ ಅದನ್ನು ನೆಚ್ಚಿ ಕೂರಬಾರದು. ಗುದ್ದಿದ ವಾಹನವೇ ಪತ್ತೆಯಾಗದಿದ್ದರೂ, ಅಂದರೆ ಆರೋಪಿಯೇ ಇಲ್ಲದಿದ್ದರೂ, ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ಕೊಡುವ ಯೋಜನೆಯಿದೆ. ಕ್ರಿಮಿನಲ್ ಕೇಸಿನ ತೀರ್ಪು ಬರಲೆಂದು ಕಾದವರಿಗೆ ಈ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತವೆ.

ಹೊಸ ಕಾನೂನು ಬೇಕೆಂದು ನಾನು ಕೇಳುತ್ತಿಲ್ಲ. ಅಪಘಾತದ ವರದಿಯನ್ನು ಮೂರು ತಿಂಗಳೊಳಗೆ ನ್ಯಾಯಮಂಡಳಿಗೂ ವಿಮಾ ಕಂಪನಿಗೂ ತಲುಪಿಸುವ ಕರ್ತವ್ಯ ಪೊಲೀಸರಿಗೆ ಈಗಾಗಲೇ ಇದೆ. ಅದು ಥಾಣೆ ಜಿಲ್ಲೆಯ ಪ್ರತಿ ಠಾಣೆಯಲ್ಲೂ ನಡೆಯಲಿ. ಶವ ಒಪ್ಪಿಸುವಾಗಲೇ ರೈಲ್ವೆ ಪೊಲೀಸರು ಪಂಚನಾಮೆಯ ಪ್ರತಿಯನ್ನೂ ಪರಿಹಾರದ ಅರ್ಜಿ ನಮೂನೆಯನ್ನೂ ಮನೆಯವರ ಕೈಗಿಡಲಿ. ಊರು ಬಿಟ್ಟು ಬಂದು ಹೋಟೆಲು, ಕಾರ್ಖಾನೆ, ಗೋದಾಮುಗಳಲ್ಲಿ ದುಡಿಯುವ ನಮ್ಮವರಲ್ಲಿ ಹಲವರಿಗೆ ಸಂಬಳದ ಚೀಟಿಯೂ ಇರುವುದಿಲ್ಲ; ನ್ಯಾಯಮಂಡಳಿಯಲ್ಲಿ ಆದಾಯ ಸಾಬೀತಾಗದೆ ಪರಿಹಾರ ಅರ್ಧಕ್ಕಿಳಿಯುವುದು ಅಲ್ಲೇ. ಡೊಂಬಿವಲಿಯ ಕರ್ನಾಟಕ ಸಂಘದಂಥ ಸಂಸ್ಥೆಗಳು ಶಾಲೆ ಕಟ್ಟಿ ನಡೆಸಿದಷ್ಟೇ ಶ್ರದ್ಧೆಯಿಂದ ತಿಂಗಳಿಗೊಮ್ಮೆ ಒಬ್ಬ ವಕೀಲರನ್ನು ಕೂರಿಸಿ ಈ ಕಾಗದಗಳನ್ನು ಮಾಡಿಸಿಕೊಡಲಿ: ಸಂಬಳ ಬ್ಯಾಂಕಿಗೇ ಬರುವ ವ್ಯವಸ್ಥೆ, ಸೀಸನ್ ಟಿಕೆಟಿನ ಒಂದು ಪ್ರತಿ ಮನೆಯಲ್ಲಿ, ಊರಿನಲ್ಲಿರುವ ತಂದೆತಾಯಿಯ ಹೆಸರು ಅವಲಂಬಿತರೆಂದು ದಾಖಲೆಯಲ್ಲಿ.